ರೆಟಿನಾಯ್ಡ್ ಕ್ರೀಮ್ ಹಚ್ಚಿದರೆ ಕೆನ್ನೆಯ ಕೊಬ್ಬು ಕರಗುತ್ತದೆಯೇ? ಚರ್ಮದೊಳಗೆ ಅದು ಇಳಿಯುವ ಆಳದ ಲೆಕ್ಕ

ಮೊಡವೆಗೋ ಬಂಗಿಗೋ ಬರೆದುಕೊಟ್ಟ ಟ್ರೆಟಿನಾಯಿನ್ ಅಥವಾ ಅಡಾಪಲೀನ್, ಅಂದರೆ ಎ ಜೀವಸತ್ವದ ಕುಲದ ರೆಟಿನಾಯ್ಡ್ ಮದ್ದಿನ ಟ್ಯೂಬನ್ನು ನಾಲ್ಕಾರು ವಾರ ಹಚ್ಚಿ, ಗುಣ ಕಾಣಬೇಕಾದ ಹೊತ್ತಿಗೆ ಸರಿಯಾಗಿ ನಿಲ್ಲಿಸಿಬಿಡುವವರಿದ್ದಾರೆ. ಕಾರಣ, ಮೊಬೈಲಿನಲ್ಲಿ ಹರಿದಾಡುವ ರೀಲ್ಸ್. ಈ ಕ್ರೀಮು ಮುಖದ ಕೊಬ್ಬನ್ನು ತಿಂದುಹಾಕುತ್ತದೆ, ಕಣ್ಣ ಕೆಳಗೆ ಗುಳಿ ಬೀಳುತ್ತದೆ, ಮೂವತ್ತಕ್ಕೇ ಮುಖ ಮುಪ್ಪಾಗುತ್ತದೆ ಎಂದು ಅವು ಹೆದರಿಸುತ್ತವೆ. ಅದನ್ನು ನೋಡಿ ಕನ್ನಡಿ ಮುಂದೆ ನಿಂತರೆ "ಗಲ್ಲ ಒಳಗ ಹೋದಂಗ ಕಾಣಾಕತ್ಯಾವ" ಎಂದು ಯಾರಿಗಾದರೂ ಅನ್ನಿಸೀತು.

ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಖಕ್ಕೆ ಹಚ್ಚುವ ರೆಟಿನಾಯ್ಡ್ ಕೊಬ್ಬನ್ನು ಕರಗಿಸುತ್ತದೆ ಎನ್ನಲು ಮನುಷ್ಯರಲ್ಲಿ ಪುರಾವೆ ಇಲ್ಲ. ಅದು ಇಳಿಯುವ ಆಳ, ಇಳಿಯುವ ಪ್ರಮಾಣ, ದಾರಿಯಲ್ಲಿ ಅದಕ್ಕಾಗುವ ಗತಿ, ಈ ಮೂರನ್ನೂ ಕೂಡಿಸಿ ನೋಡಿದರೆ ಹಾಗಾಗುವ ಸಾಧ್ಯತೆಯೂ ತೀರಾ ಕಡಿಮೆ. ಆದರೆ ಮುಖದ ಚರ್ಮವನ್ನು ನಿಜಕ್ಕೂ ತೆಳುವಾಗಿಸುವ ಬೇರೊಂದು ಟ್ಯೂಬು ಬಳ್ಳಾರಿ, ಕೊಪ್ಪಳ, ರಾಯಚೂರಿನ ಮನೆಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿದೆ. ಅದರ ಮೇಲೆ ಯಾರಿಗೂ ಅನುಮಾನವಿಲ್ಲ, ಹೆಸರು ಕೆಡುತ್ತಿರುವುದು ರೆಟಿನಾಯ್ಡಿನದು.

ಮಿಲಿಮೀಟರಿನ ಲೆಕ್ಕ

ಮುಖದ ಚರ್ಮದಲ್ಲಿ ಎಲ್ಲಕ್ಕಿಂತ ಮೇಲಿರುವುದು ಸತ್ತ ಜೀವಕೋಶಗಳ ಹೊರಪದರ. ದಪ್ಪ ಸುಮಾರು 0.01ರಿಂದ 0.02 ಮಿಲಿಮೀಟರ್. ಅದರಡಿಯ ಜೀವಂತ ಕೋಶಗಳೂ ಸೇರಿ ಮೇಲ್ಚರ್ಮ ಒಟ್ಟು 0.05ರಿಂದ 0.1 ಮಿಲಿಮೀಟರ್. ಅದರ ಕೆಳಗೆ ಒಳಚರ್ಮ. ಕೆನ್ನೆಯಲ್ಲಿ ಇದು ಒಂದರಿಂದ ಎರಡು ಮಿಲಿಮೀಟರ್ ದಪ್ಪವಿರುತ್ತದೆ. ಕೊಲಾಜೆನ್ ನಾರು, ರಕ್ತನಾಳ, ಕೂದಲ ಬುಡ, ಎಣ್ಣೆ ಗ್ರಂಥಿ ಎಲ್ಲ ಇರುವುದು ಇಲ್ಲಿಯೇ. ಇದನ್ನೂ ದಾಟಿದ ಮೇಲೆ ಕೊಬ್ಬು.

ಆ ಕೊಬ್ಬಾದರೂ ಒಂದೇ ಹಾಸಾಗಿ ಹರಡಿಲ್ಲ. ಮೂಗಿನ ಪಕ್ಕದ್ದು ಬೇರೆ, ಕೆನ್ನೆ ನಡುವಿನದು ಬೇರೆ, ಕಪೋಲಾಸ್ಥಿಯ ಮೇಲಿನದು ಬೇರೆ, ಹೀಗೆ ಗೂಡುಗೂಡಾಗಿ ಇರುತ್ತದೆ. ಮುಖ ದುಂಡಗೆ ಕಾಣಲು ನೆರವಾಗುವ ಬಕ್ಕಲ್ ಕೊಬ್ಬಂತೂ ಕೆನ್ನೆಯ ಸ್ನಾಯುಗಳ ನಡುವೆ, ಇನ್ನೂ ಆಳದಲ್ಲಿ ಕೂತಿದೆ. ಕಣ್ಣಿನ ರೆಪ್ಪೆಯ ಚರ್ಮ ದೇಹದಲ್ಲೇ ಅತಿ ತೆಳುವಾದದ್ದು, ಅರ್ಧ ಮಿಲಿಮೀಟರಿನ ಆಸುಪಾಸು. ಅಲ್ಲಿಯೂ ಚರ್ಮದ ಕೆಳಗೆ ನೇರವಾಗಿ ಕೊಬ್ಬು ಸಿಗುವುದಿಲ್ಲ. ಮೊದಲು ಸ್ನಾಯು, ಆಮೇಲೆ ಗಟ್ಟಿ ಪೊರೆ, ಅದರ ಹಿಂದೆ ಕಣ್ಣುಗುಡ್ಡೆಯ ಸುತ್ತಲಿನ ಕೊಬ್ಬು.

ಟ್ರೆಟಿನಾಯಿನ್ ಅಣುವಿನ ತೂಕ 300 ಡಾಲ್ಟನ್. 500 ಡಾಲ್ಟನ್‌ಗಿಂತ ಚಿಕ್ಕ ಅಣುಗಳು ಹೊರಪದರ ದಾಟಬಲ್ಲವು ಎಂಬುದು ಚರ್ಮವೈದ್ಯರ ಸಾಮಾನ್ಯ ಲೆಕ್ಕ. ಹಾಗಾಗಿ ಅದು ಒಳಗೆ ಹೋಗುತ್ತದೆ ಎನ್ನುವುದು ನಿಜ. ಆದರೆ ಅದು ಜಿಡ್ಡಿನಲ್ಲಿ ಕರಗುವ ವಸ್ತು. ಹೊರಪದರದ ಸತ್ತ ಕೋಶಗಳ ನಡುವೆ ತುಂಬಿರುವುದು ಜಿಡ್ಡು, ಅದರ ಕೆಳಗಿನ ಜೀವಂತ ಪದರದಲ್ಲಿರುವುದು ಹೆಚ್ಚಾಗಿ ನೀರು. ಆದ್ದರಿಂದ ಹಚ್ಚಿದ ಮದ್ದಿನ ಬಹುಪಾಲು ಮೇಲಿನ ಜಿಡ್ಡಿನಲ್ಲೇ ನಿಂತು, ಸ್ವಲ್ಪ ಸ್ವಲ್ಪವಾಗಿ ಕೆಳಗೆ ಜಿನುಗುತ್ತದೆ. ಬೆಳಿಗ್ಗೆ ಮುಖ ತೊಳೆದಾಗ, ಸಿಪ್ಪೆ ಎದ್ದಾಗ ಅದರಲ್ಲಿ ಎಷ್ಟೋ ಹೊರಟೇ ಹೋಗುತ್ತದೆ. ಅಡಾಪಲೀನ್ ಇನ್ನೂ ದೊಡ್ಡ ಅಣು, 412 ಡಾಲ್ಟನ್. ಜಿಡ್ಡಿನ ಒಲವೂ ಅದಕ್ಕೆ ಹೆಚ್ಚು. ಜೆಲ್‌ನಲ್ಲಿರುವ ಅದರ ಸೂಕ್ಷ್ಮ ಹರಳುಗಳು ರೋಮರಂಧ್ರದ ಬಾಯಲ್ಲಿ ಹೋಗಿ ಕೂಡುತ್ತವೆ. ಮೊಡವೆ ಹುಟ್ಟುವ ಜಾಗವೂ ಅದೇ ಆದ್ದರಿಂದ ಮೊಡವೆಗೆ ಅದು ಒಗ್ಗಿದ ಮದ್ದು.

ಪ್ರಮಾಣವನ್ನು ಲೆಕ್ಕ ಹಾಕಿ ನೋಡಿದರೆ ಹೆದರಿಕೆ ಅರ್ಧ ಇಳಿಯುತ್ತದೆ. ಇಡೀ ಮುಖಕ್ಕೆ ಬೇಕಾದ್ದು ಬಟಾಣಿ ಕಾಳಿನಷ್ಟು ಕ್ರೀಮು, ಅಂದರೆ ಸುಮಾರು ಕಾಲು ಗ್ರಾಂ. ಟ್ಯೂಬಿನ ಮೇಲೆ 0.025% ಎಂದಿದ್ದರೆ ಆ ಕಾಲು ಗ್ರಾಂನಲ್ಲಿರುವ ಟ್ರೆಟಿನಾಯಿನ್ ಸುಮಾರು 62 ಮೈಕ್ರೊಗ್ರಾಂ. ಹಚ್ಚಿದ್ದರಲ್ಲಿ ಚರ್ಮ ದಾಟಿ ದೇಹ ಸೇರುವುದು ಸಾಮಾನ್ಯವಾಗಿ ಶೇಕಡಾ ಒಂದೆರಡು ಪಾಲು. ಎರಡೇ ಎಂದಿಟ್ಟುಕೊಂಡರೂ ಸುಮಾರು 1.25 ಮೈಕ್ರೊಗ್ರಾಂ. ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್ 20 ಮಿಲಿಗ್ರಾಂ ಮಾತ್ರೆಯಲ್ಲಿ ಇರುವುದು 20,000 ಮೈಕ್ರೊಗ್ರಾಂ. ಎರಡೂ ಒಂದೇ ಕುಲದ ಮದ್ದು ಎಂದು ಮಾತ್ರೆಯ ಅಡ್ಡಪರಿಣಾಮಗಳನ್ನೆಲ್ಲ ಕ್ರೀಮಿನ ತಲೆಗೆ ಕಟ್ಟುವುದು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಚರ್ಮ ದಾಟಿದ ಆ ಚೂರೂ ಕೊಬ್ಬಿನ ಕಡೆಗೆ ನೆಟ್ಟಗೆ ಇಳಿಯುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲೇ ನೀರು ಎತ್ತಿಕೊಂಡರೆ ಮಾನ್ವಿ, ಸಿರವಾರದ ಕೊನೆಭಾಗದ ರೈತರಿಗೆ ಏನು ಸಿಗುತ್ತದೆಯೋ, ಕೊಬ್ಬಿಗೂ ಅಷ್ಟೇ. ಮೊದಲ ತೂಬು ಮೇಲ್ಚರ್ಮದ ಕೋಶಗಳದ್ದೇ. ರೆಟಿನಾಯಿಕ್ ಆಮ್ಲ (ಟ್ರೆಟಿನಾಯಿನ್‌ನ ಇನ್ನೊಂದು ಹೆಸರು) ಬಂದೊಡನೆ ಅವು ಅದನ್ನು ಒಡೆಯುವ ಸಿವೈಪಿ26 ಎಂಬ ಕಿಣ್ವವನ್ನು ಹೆಚ್ಚು ಹೆಚ್ಚಾಗಿ ತಯಾರಿಸತೊಡಗುತ್ತವೆ. ಎರಡನೆಯ ತೂಬು ಒಳಚರ್ಮದ ಮೇಲ್ತುದಿಯಲ್ಲೇ ಇರುವ ಕೂದಲೆಳೆಗಿಂತ ಸಣ್ಣ ರಕ್ತನಾಳಗಳ ಜಾಲ. ಅಲ್ಲಿಗೆ ಬಂದದ್ದನ್ನು ರಕ್ತ ಎಳೆದುಕೊಂಡು ಹೋಗಿ ದೇಹವಿಡೀ ಹಂಚಿಬಿಡುತ್ತದೆ. ಊಟದಿಂದ ಬಂದ ಎ ಜೀವಸತ್ವದಿಂದ ದೇಹವೇ ಮಾಡಿಕೊಂಡ ರೆಟಿನಾಯಿಕ್ ಆಮ್ಲ ರಕ್ತದಲ್ಲಿ ಸದಾ ಇರುತ್ತದೆ. ಮುಖಕ್ಕೆ ಟ್ರೆಟಿನಾಯಿನ್ ಹಚ್ಚುವವರಲ್ಲಿ ಆ ಮಟ್ಟ ಹೇಳಿಕೊಳ್ಳುವಷ್ಟು ಏರುವುದಿಲ್ಲ.

ಹಾಗಾದರೆ ಇಷ್ಟು ಕಡಿಮೆ ಇಳಿಯುವ ಮದ್ದು ಸುಕ್ಕಿಗೆ ಹೇಗೆ ಕೆಲಸ ಮಾಡುತ್ತದೆ? ಕೇಳಲೇಬೇಕಾದ ಪ್ರಶ್ನೆ ಇದು. ರೆಟಿನಾಯಿಕ್ ಆಮ್ಲಕ್ಕೆ ಕೋಶದ ಬೀಜದೊಳಗೇ ಗ್ರಾಹಕಗಳಿವೆ. ಅವನ್ನು ಎಚ್ಚರಿಸಲು ಅತ್ಯಲ್ಪ ಪ್ರಮಾಣ ಸಾಕು. ಜೊತೆಗೆ ಮೇಲ್ಚರ್ಮದ ಕೋಶಗಳು ತಾವೇ ಸಂಕೇತ ಕಳಿಸಿ ಕೆಳಗಿನ ಒಳಚರ್ಮದ ಕೆಲಸವನ್ನು ಬದಲಿಸುತ್ತವೆ. 1993ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬಿಸಿಲಿಗೆ ಹಾಳಾದ ಚರ್ಮಕ್ಕೆ 0.1% ಟ್ರೆಟಿನಾಯಿನ್ ಅನ್ನು 10ರಿಂದ 12 ತಿಂಗಳು ಹಚ್ಚಿದಾಗ ಒಂದನೆಯ ಬಗೆಯ ಕೊಲಾಜೆನ್ ಉತ್ಪತ್ತಿ ಶೇ 80ರಷ್ಟು ಏರಿತ್ತು. ಮದ್ದಿಲ್ಲದ ಬರೀ ಕ್ರೀಮು ಹಚ್ಚಿದವರಲ್ಲಿ ಶೇ 14ರಷ್ಟು ಇಳಿದಿತ್ತು. ಒಳಚರ್ಮವನ್ನು ತುಂಬಿಸುವ ಮದ್ದು ಇದು, ಸೊರಗಿಸುವ ಮದ್ದಲ್ಲ.

ಸುದ್ದಿ ಹುಟ್ಟಿದ್ದೆಲ್ಲಿ

ಗಾಳಿಸುದ್ದಿಗೂ ಒಂದು ಬೇರಿದೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಎಳೆಯ ಕೊಬ್ಬಿನ ಕೋಶಗಳನ್ನು ಬೆಳೆಸಿ, ಅವುಗಳ ಮೇಲೆ ರೆಟಿನಾಯಿಕ್ ಆಮ್ಲ ಸುರಿದರೆ ಅವು ಪೂರ್ಣ ಕೊಬ್ಬುಕೋಶಗಳಾಗಿ ಬಲಿಯುವುದಿಲ್ಲ. ಇಲಿಗಳಿಗೆ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಮೈಯ ಕೊಬ್ಬು ಕಡಿಮೆಯಾದದ್ದೂ ಉಂಟು. ಎರಡೂ ನಿಜ, ಆದರೆ ಎರಡೂ ಮುಖದ ಕ್ರೀಮಿಗೆ ಹೊಂದುವುದಿಲ್ಲ. ತಟ್ಟೆಯಲ್ಲಿ ಕೋಶ ಮದ್ದಿನಲ್ಲೇ ಮುಳುಗಿರುತ್ತದೆ. ನಡುವೆ ಹೊರಪದರವಿಲ್ಲ, ಎಳೆದೊಯ್ಯುವ ರಕ್ತವಿಲ್ಲ. ಇಲಿಗೆ ಕೊಟ್ಟ ಮದ್ದು ಮೈಯೆಲ್ಲ ಹರಿದದ್ದು. ಇನ್ನೊಂದು ಮಾತನ್ನು ಈ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ: ದೇಹದ ಎ ಜೀವಸತ್ವದ ಹೆಚ್ಚಿನ ಪಾಲು ಯಕೃತ್ತಿನಲ್ಲಿದ್ದರೆ, ಶೇ 10ರಿಂದ 20ರಷ್ಟನ್ನು ಕೊಬ್ಬಿನ ಕೋಶಗಳೇ ತಮ್ಮೊಳಗೆ ಕೂಡಿಟ್ಟುಕೊಳ್ಳುತ್ತವೆ. ನುಗ್ಗೆಸೊಪ್ಪು, ಪಪ್ಪಾಯಿ, ಗಜ್ಜರಿ ತಿಂದಾಗಲೆಲ್ಲ ಅಲ್ಲಿಗೆ ಅದರ ಪೂರೈಕೆ ನಡೆದೇ ಇರುತ್ತದೆ. ಎ ಜೀವಸತ್ವ ಸೋಕಿದ ಕೂಡಲೇ ಕೊಬ್ಬು ಕರಗುವುದಾಗಿದ್ದರೆ ಅದನ್ನು ಕೂಡಿಡುವ ಕೋಶವೇ ಉಳಿಯುತ್ತಿರಲಿಲ್ಲ.

ಹಚ್ಚುವ ಯಾವ ಮದ್ದೂ ಕೊಬ್ಬಿಗೆ ಏನೂ ಮಾಡಲಾರದು ಎಂದು ಹೇಳಿಬಿಟ್ಟರೆ ಅದೂ ತಪ್ಪು. ಗ್ಲಾಕೋಮಾಗೆ ಕಣ್ಣಿಗೆ ಬಿಡುವ ಬೈಮಾಟೊಪ್ರೋಸ್ಟ್ ಹನಿಯಿಂದ ಕಣ್ಣಿನ ಸುತ್ತಲಿನ ಕೊಬ್ಬು ಸೊರಗಿ, ಮೇಲಿನ ರೆಪ್ಪೆ ಒಳಸೇರುವುದು ವೈದ್ಯರು ಚೆನ್ನಾಗಿ ಬಲ್ಲ ಅಡ್ಡಪರಿಣಾಮ. ರೆಪ್ಪೆಗೂದಲು ಉದ್ದವಾಗಲೆಂದು ಅದೇ ಮದ್ದನ್ನು ಹಚ್ಚುವವರೂ ಇದ್ದಾರೆ. ಕಣ್ಣ ಸುತ್ತ ಗುಳಿ ಬಿದ್ದಿದೆ ಎನ್ನುವವರು ಮೊದಲು ನೋಡಬೇಕಾದ್ದು ಅಂಥ ಸೀರಮ್ಮನ್ನು. ಚರ್ಮಕ್ಕೆ ಚುಚ್ಚುವ ಟ್ರಯಾಮ್ಸಿನೊಲೋನ್ ಸ್ಟೀರಾಯ್ಡ್ ಆಳಕ್ಕೆ ಬಿದ್ದರೆ ಆ ಜಾಗ ಕುಳಿಯಾಗುತ್ತದೆ. ಎಚ್‌ಐವಿಗೆ ಕೊಡುತ್ತಿದ್ದ ಸ್ಟಾವುಡಿನ್ ಮಾತ್ರೆ ಕೆನ್ನೆ ಬತ್ತಿಸುತ್ತಿತ್ತು. ಇಂಥ ಅಡ್ಡಪರಿಣಾಮಗಳಿಂದಾಗಿಯೇ ಅದನ್ನು ಹಂತಹಂತವಾಗಿ ಕೈಬಿಡುವಂತೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿತು. ಈ ಪರಿಣಾಮಗಳು ರೋಗಿಗಳ ಮುಖದಲ್ಲೇ ಕಂಡು, ದಾಖಲಾಗಿ, ವೈದ್ಯರ ಪಠ್ಯ ಸೇರಿದವು. ಟ್ರೆಟಿನಾಯಿನ್ 1971ರಿಂದ ಅಮೆರಿಕದಲ್ಲಿ ಮಾರಾಟದಲ್ಲಿದೆ. ಲೆಕ್ಕವಿಲ್ಲದಷ್ಟು ಮುಖಗಳಿಗೆ, ವರ್ಷಗಟ್ಟಲೆ ಹಚ್ಚಿದ ಮದ್ದು ಅದು. ಮುಖದ ಮೇಲೆ 0.05% ಟ್ರೆಟಿನಾಯಿನ್ ಅನ್ನು ಎರಡು ವರ್ಷ ಹಚ್ಚಿಸಿ, ಮದ್ದಿಲ್ಲದ ಕ್ರೀಮಿನೊಂದಿಗೆ ಹೋಲಿಸಿದ ಪ್ರಯೋಗ 2005ರಲ್ಲಿ ಪ್ರಕಟವಾಯಿತು. ಕೊಬ್ಬನ್ನು ಅಳೆಯುವುದು ಅದರ ಗುರಿಯಾಗಿರಲಿಲ್ಲ ಎಂಬುದನ್ನು ಒಪ್ಪೋಣ. ಆದರೂ ಅಲ್ಲಿ ಕಂಡದ್ದು ಸುಕ್ಕು, ಕಲೆ ಕಡಿಮೆಯಾದದ್ದು.

ಗದ್ದದಡಿಯ ಕೊಬ್ಬು ಕರಗಿಸಲು ಡಿಆಕ್ಸಿಕೋಲಿಕ್ ಆಮ್ಲಕ್ಕೆ ಅಮೆರಿಕದಲ್ಲಿ 2015ರಲ್ಲಿ ಅನುಮತಿ ಸಿಕ್ಕಿತು. ಅದನ್ನು ಸೂಜಿಯಿಂದ ಕೊಬ್ಬಿನೊಳಕ್ಕೇ ಚುಚ್ಚಬೇಕು. ಹಚ್ಚಿದರೆ ಸಾಕು ಎಂಬಂತಿದ್ದರೆ ಯಾರೂ ಸೂಜಿ ಹಿಡಿಯುತ್ತಿರಲಿಲ್ಲ.

ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ರೆಟಿನಾಲ್ ಸೀರಮ್ ಟ್ರೆಟಿನಾಯಿನ್‌ಗಿಂತ ಎಷ್ಟೋ ಸೌಮ್ಯ. ಚರ್ಮದೊಳಗೆ ಅದು ಎರಡು ಹಂತ ದಾಟಿ ರೆಟಿನಾಯಿಕ್ ಆಮ್ಲವಾಗಬೇಕು. ಐರೋಪ್ಯ ಒಕ್ಕೂಟ 2024ರಲ್ಲಿ ಮುಖದ ಕ್ರೀಮುಗಳಲ್ಲಿ ರೆಟಿನಾಲ್ ಪ್ರಮಾಣಕ್ಕೆ 0.3%ರ ಮಿತಿ ಹಾಕಿದ್ದನ್ನೂ ಕೆಲವರು ಈ ಸುದ್ದಿಗೆ ಸಾಕ್ಷಿಯಾಗಿ ಎತ್ತಿ ತೋರಿಸುತ್ತಾರೆ. ಊಟ, ಮಾತ್ರೆ, ಕ್ರೀಮು ಎಲ್ಲ ಸೇರಿ ದೇಹಕ್ಕೆ ಎ ಜೀವಸತ್ವ ಮಿತಿಮೀರದಿರಲಿ ಎಂಬುದು ಆ ನಿಯಮದ ಕಾರಣ. ಅದಕ್ಕೂ ಕೆನ್ನೆಯ ಕೊಬ್ಬಿಗೂ ಸಂಬಂಧವಿಲ್ಲ.

ಮುಖ ಸೊರಗಿದಂತೆ ಕಾಣುವುದೇಕೆ

ಹಾಗಂತ ಕನ್ನಡಿಯಲ್ಲಿ ಕಂಡದ್ದು ಪೂರಾ ಭ್ರಮೆಯಲ್ಲ. ರೆಟಿನಾಯ್ಡ್ ಶುರು ಮಾಡಿದ ಮೊದಲ ಆರೆಂಟು ವಾರ ಹೊರಪದರ ತೆಳುವಾಗಿ, ಬಿಗಿಯಾಗಿ, ನೀರು ಹಿಡಿದಿಡುವ ಶಕ್ತಿ ಕಳೆದುಕೊಳ್ಳುತ್ತದೆ. ನೀರಾರಿದ ಚರ್ಮದಲ್ಲಿ ಸಣ್ಣ ಗೆರೆಗಳು ಎದ್ದು ಕಾಣುತ್ತವೆ. ಕಣ್ಣ ಕೆಳಗೆ ಕಾಗದ ಮುದುಡಿದ ಹಾಗೆ ಆಗುತ್ತದೆ. ಪಕ್ಕದಿಂದ ಬೆಳಕು ಬಿದ್ದರೆ ಆ ಗೆರೆಗಳ ನೆರಳೇ ಗುಳಿಯಂತೆ ತೋರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವೇ ಇರುವುದಿಲ್ಲ. ಅದರ ಮೇಲೆ ಬೋರ್‌ವೆಲ್ಲಿನ ಸವಳು ನೀರು, ಖಡಕ್ ಸೋಪು. ತೋರಣಗಲ್ಲಿನ ಕುಲುಮೆ ಹತ್ತಿರ ದುಡಿಯುವವರಿಗೆ, ಗಿಣಿಗೇರಾದ ಕಾರ್ಖಾನೆ ಧೂಳಿನಲ್ಲಿರುವವರಿಗೆ ಈ ಒಣಗುವಿಕೆ ದುಪ್ಪಟ್ಟು. ಅದೇ 0.025% ಕ್ರೀಮು ಕರಾವಳಿಯವರ ಮುಖದಲ್ಲಿ ಅಷ್ಟು ತೊಂದರೆ ಕೊಡದಿದ್ದರೂ ಇಲ್ಲಿ ಸಿಪ್ಪೆ ಎಬ್ಬಿಸಬಹುದು.

ಮೊಡವೆಯ ಬಾವು ಇಳಿದಾಗಲೂ ಕೆನ್ನೆ ಸಪಾಟಾಗಿ ಕಾಣುತ್ತದೆ. ಅದು ಗುಣವಾಗುತ್ತಿರುವ ಲಕ್ಷಣ. ಇನ್ನು ಮೈತೂಕ ಇಳಿದರೆ ಮುಖದ ಕೊಬ್ಬೂ ಇಳಿಯುತ್ತದೆ.

ಯಾವುದೆಂದು ತಿಳಿಯಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ರೆಟಿನಾಯ್ಡ್ ಅನ್ನು ಎರಡು ವಾರ ನಿಲ್ಲಿಸಿ, ದಿನಕ್ಕೆ ಎರಡು ಸಲ ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಹಚ್ಚಿ. ಮೊದಲ ದಿನ ಮತ್ತು ಕೊನೆಯ ದಿನ ಒಂದೇ ಕಿಟಕಿಯ ಎದುರು, ಒಂದೇ ಹೊತ್ತಿಗೆ, ನೇರ ನೋಟದ ಫೋಟೊ ತೆಗೆಯಿರಿ. ಮುಖ ಮತ್ತೆ ತುಂಬಿದಂತೆ ಕಂಡರೆ ಹೋಗಿದ್ದು ನೀರು. ಹೋದ ಕೊಬ್ಬು ಎರಡು ವಾರದಲ್ಲಿ ಮರಳುವುದಿಲ್ಲ.

ಈಗ ಆ ಬೇರೊಂದು ಟ್ಯೂಬಿನ ಮಾತು. ಕಲೆ ತಿಳಿಗೊಳಿಸುವ ಹೈಡ್ರೊಕ್ವಿನೋನ್ 2%, ಟ್ರೆಟಿನಾಯಿನ್ 0.025%, ಮೊಮೆಟಾಸೋನ್ 0.1%, ಈ ಮೂರೂ ಬೆರೆತ ಕ್ರೀಮು ಬಂಗಿಗೆಂದು, ವೈದ್ಯರ ಕಣ್ಗಾವಲಿನಲ್ಲಿ ಕೆಲವೇ ವಾರ ಹಚ್ಚಲು ಇರುವಂಥದ್ದು. 1975ರಲ್ಲಿ ಚರ್ಮವೈದ್ಯರಾದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ರೂಪಿಸಿದ ಮಿಶ್ರಣದ ಮರಿ ಇದು. ನಮ್ಮಲ್ಲಿ ಇದು ಬೆಳ್ಳಗಾಗುವ ಕ್ರೀಮಾಗಿ ವರ್ಷಾನುಗಟ್ಟಲೆ ನಡೆದುಬಿಡುತ್ತದೆ. ಅಕ್ಕನ ಟ್ಯೂಬು ತಂಗಿಗೆ, ತಂಗಿಯದು ಗೆಳತಿಗೆ. ಇದರಲ್ಲಿರುವ ಮೊಮೆಟಾಸೋನ್ ಸ್ಟೀರಾಯ್ಡ್. ಮೊದಲ ವಾರಗಳಲ್ಲಿ ಉರಿ, ಕೆಂಪು ಅಡಗಿ ಮುಖ ಹೊಳೆಯುತ್ತದೆ. ತಿಂಗಳುಗಳು ಉರುಳಿದಂತೆ ಕೊಲಾಜೆನ್ ತಯಾರಿ ಕುಂದಿ ಒಳಚರ್ಮ ತೆಳುವಾಗುತ್ತದೆ, ಕೆನ್ನೆಯಲ್ಲಿ ಕೆಂಪು ಎಳೆಎಳೆ ರಕ್ತನಾಳ ಕಾಣುತ್ತವೆ, ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ, ಕ್ರೀಮು ಬಿಟ್ಟ ಕೂಡಲೇ ಕೆಂಪು ಗುಳ್ಳೆಗಳು ಸಿಡಿಯುತ್ತವೆ. ಹೈಡ್ರೊಕ್ವಿನೋನ್ ಅತಿಯಾದರೆ ನೀಲಿ ಮಿಶ್ರಿತ ಕಪ್ಪು ಕಲೆ ಬೇರೆ. ಇವರೆಲ್ಲ ಟ್ಯೂಬು ತಿರುಗಿಸಿ ನೋಡಿ, ಟ್ರೆಟಿನಾಯಿನ್ ಎಂಬ ಹೆಸರು ಕಂಡು, ರೀಲ್ಸ್‌ನಲ್ಲಿ ಕೇಳಿದ್ದು ಇದೇ ಎಂದುಕೊಳ್ಳುತ್ತಾರೆ. ನಿಜ ಬೇರೆಯೇ ಇದೆ: ಸ್ಟೀರಾಯ್ಡಿನಿಂದ ಚರ್ಮ ತೆಳುವಾಗುವುದನ್ನು ಟ್ರೆಟಿನಾಯಿನ್ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಆ ಮೂರರಲ್ಲಿ ಚರ್ಮದ ಪರವಾಗಿ ನಿಂತದ್ದನ್ನೇ ಕಳ್ಳನೆಂದು ಹಿಡಿದಂತಾಯಿತು.

ದೇಶದ 12 ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಖದ ಚರ್ಮದ ತೊಂದರೆ ಹೊತ್ತು ಬಂದ 2,926 ಜನರಲ್ಲಿ 433 ಮಂದಿ ಸ್ಟೀರಾಯ್ಡ್ ಕ್ರೀಮು ಹಚ್ಚುತ್ತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು ಬಿಗಿ ಮಾಡಿತು. ಆದರೂ ಮೆಡಿಕಲ್‌ನಲ್ಲಿ ಹೆಸರು ಹೇಳಿದರೆ ಕೈಗೆ ಬರುವುದು ನಿಂತಿಲ್ಲ. ಟ್ಯೂಬಿನ ಹಿಂದೆ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಫ್ಲುಸಿನೊಲೋನ್ ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್ ಎಂದು ತಿಳಿಯಿರಿ. ತಿಂಗಳುಗಟ್ಟಲೆ ಹಚ್ಚಿದವರು ಹೆದರಿ ಒಮ್ಮೆಲೇ ಬಿಡಬಾರದು. ವೈದ್ಯರನ್ನು ಕಂಡು ಹಂತಹಂತವಾಗಿ ಇಳಿಸಬೇಕು.

ನಮ್ಮ ಬಿಸಿಲಿಗೆ ಹೊಂದುವ ಕ್ರಮ

ರಾತ್ರಿ ಸೌಮ್ಯ ಫೇಸ್‌ವಾಶ್‌ನಿಂದ ಮುಖ ತೊಳೆಯಿರಿ. ಮನೆಯ ನೀರು ಸವಳಿದ್ದರೆ ಕೊನೆಗೊಮ್ಮೆ ಕುಡಿಯುವ ನೀರಿನಲ್ಲಿ ಮುಖ ಜಾಲಿಸಿಕೊಳ್ಳಿ. ಒರೆಸಿ, 15ರಿಂದ 20 ನಿಮಿಷ ಆರಲು ಬಿಡಿ. ಒದ್ದೆ ಚರ್ಮಕ್ಕೆ ಹಚ್ಚಿದರೆ ಮದ್ದು ಒಮ್ಮೆಲೇ ಹೆಚ್ಚು ಇಳಿದು ಉರಿ ಬರುತ್ತದೆ. ಕಣ್ಣ ಮೂಲೆ, ಮೂಗಿನ ಪಕ್ಕದ ಮಡಿಕೆ, ತುಟಿಯ ಅಂಚು ಮೊದಲು ಸಿಪ್ಪೆ ಏಳುವ ಜಾಗಗಳು. ಅಲ್ಲಿಗೆ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಸವರಿ. ಬಟಾಣಿಯಷ್ಟು ಕ್ರೀಮನ್ನು ಹಣೆ, ಎರಡು ಕೆನ್ನೆ, ಗದ್ದಕ್ಕೆ ಚುಕ್ಕೆ ಇಟ್ಟು ಹರಡಿ. ಒಣ ಚರ್ಮದವರು ಮೊದಲು ಮಾಯಿಶ್ಚರೈಸರ್, ನಡುವೆ ಮದ್ದು, ಮೇಲೆ ಮತ್ತೆ ಮಾಯಿಶ್ಚರೈಸರ್ ಹಚ್ಚಬಹುದು. ಮೊದಲ ಎರಡು ಮೂರು ವಾರ ಮೂರು ರಾತ್ರಿಗೊಮ್ಮೆ, ಆಮೇಲೆ ರಾತ್ರಿ ಬಿಟ್ಟು ರಾತ್ರಿ, ಒಗ್ಗಿದರೆ ದಿನಾ. ಬೇಸಿಗೆಯಲ್ಲಿ ಶುರು ಮಾಡುವುದಕ್ಕಿಂತ ಮಳೆಗಾಲದಲ್ಲೋ ಚಳಿಗಾಲದ ಮೊದಲಲ್ಲೋ ಶುರು ಮಾಡುವುದು ಮೇಲು. ಮೊಡವೆ ಇಳಿಯಲು 8ರಿಂದ 12 ವಾರ ಬೇಕು, ಸುಕ್ಕಿಗೆ ಅದಕ್ಕೂ ಹೆಚ್ಚು.

ಹೆಚ್ಚು ಹಚ್ಚುತ್ತಿದ್ದೀರಾ ಎಂಬುದನ್ನು ಟ್ಯೂಬೇ ಹೇಳುತ್ತದೆ. ಕಾಲು ಗ್ರಾಂ ಲೆಕ್ಕದಲ್ಲಿ 20 ಗ್ರಾಂ ಟ್ಯೂಬು 80 ರಾತ್ರಿ, 15 ಗ್ರಾಂನದು 60 ರಾತ್ರಿ ಬರಬೇಕು. ತಿಂಗಳಿಗೆ ಒಂದು ಮುಗಿಯುತ್ತಿದ್ದರೆ ಹೆಚ್ಚಾಗುವುದು ಉರಿಯೇ, ಗುಣವಲ್ಲ. ಬೆಳಕಿಗೆ ಟ್ರೆಟಿನಾಯಿನ್ ಒಡೆದುಹೋಗುತ್ತದೆ, ಆದ್ದರಿಂದ ಹಗಲು ಹಚ್ಚಬೇಡಿ. ತಗಡಿನ ಛಾವಣಿಯ ಕೋಣೆಯ ಕಿಟಕಿಯಲ್ಲಿ ಟ್ಯೂಬು ಇಡಬೇಡಿ, ಮನೆಯಲ್ಲಿ ತಂಪಾದ, ಕತ್ತಲೆಯ ಕಪಾಟು ನೋಡಿಕೊಳ್ಳಿ. ಹಗಲು ಎಸ್‌ಪಿಎಫ್ 30 ಅಥವಾ ಮೇಲಿನ ಸನ್‌ಸ್ಕ್ರೀನ್ ಎರಡು ಬೆರಳುದ್ದ ಬೇಕು. ಹೊಲದಲ್ಲಿ ಬೆವರಿ ದುಡಿಯುವವರಿಗೆ ಅದು ಉಳಿಯುವುದಿಲ್ಲ, ಅಂಥವರಿಗೆ ಮುಖ ಮುಚ್ಚುವ ಹತ್ತಿಯ ಸ್ಕಾರ್ಫು, ಅಗಲ ಟವೆಲ್ಲೇ ಭರವಸೆ. ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಕೈ ಮುಖಕ್ಕೆ ತಾಗಿದರೆ ಈ ಚರ್ಮದಲ್ಲಿ ಕೆಂಡ ಹಚ್ಚಿದಂತಾಗುತ್ತದೆ. ಆ ವಾರ ಮದ್ದು ನಿಲ್ಲಿಸುವುದೇ ಸರಿ. ಕಡಲೆಹಿಟ್ಟಿಗೆ ನಿಂಬೆ ಹಿಂಡಿ ಹಚ್ಚುವುದು, ಬ್ಲೀಚ್, ಮೇಲ್ದುಟಿಯ ವ್ಯಾಕ್ಸಿಂಗ್ ಬೇಡ. ಮಾಡಿಸಲೇಬೇಕಿದ್ದರೆ ಒಂದು ವಾರ ಮೊದಲೇ ಮದ್ದು ಬಿಡಿ.

ಆನ್‌ಲೈನಿನಲ್ಲಿ ತರಿಸಿದ ಸೂಜಿಯ ಡರ್ಮಾರೋಲರ್ ಉರುಳಿಸಿ ಅದೇ ರಾತ್ರಿ ಟ್ರೆಟಿನಾಯಿನ್ ಹಚ್ಚುವುದು ಅಪಾಯ. ಹೊರಪದರ ಎಂಬ ಕಾವಲನ್ನು ಸೂಜಿಗಳು ತೂತು ಮಾಡಿರುತ್ತವೆ. ಈ ಲೇಖನದ ಆಳದ ಲೆಕ್ಕವೆಲ್ಲ ಹೊರಪದರ ಗಟ್ಟಿಯಾಗಿರುವ ಚರ್ಮಕ್ಕೆ ಮಾತ್ರ ಅನ್ವಯ. ಹಾಗೆ ಹಚ್ಚಿದರೆ ಕೊಬ್ಬಿಗಿಂತ ಮೊದಲು ಬರುವುದು ತೀವ್ರ ಉರಿ, ನೀರೊಸರುವಿಕೆ, ನಮ್ಮ ಗೋಧಿ, ಎಣ್ಣೆಗೆಂಪು ಬಣ್ಣದ ಚರ್ಮದಲ್ಲಿ ಬೇಗ ಹೋಗದ ಕಪ್ಪು ಕಲೆ. ಬಸುರಿಯರು, ಮಗು ಬಯಸಿ ಯೋಜಿಸುತ್ತಿರುವವರು ಹಚ್ಚುವ ರೆಟಿನಾಯ್ಡನ್ನೂ ಬಿಡಬೇಕು.

ಕೆನ್ನೆ ನಿಜಕ್ಕೂ ಗುಳಿ ಬಿದ್ದಿದ್ದರೆ ಕ್ರೀಮಿನ ಮೇಲೆ ಹಾಕಿ ಸುಮ್ಮನಾಗಬೇಡಿ. ಒಂದೇ ಪಕ್ಕದ ಕೆನ್ನೆ ಒಳಸೇರುತ್ತಿದ್ದರೆ, ಗುಳಿಯ ಚರ್ಮ ಗಟ್ಟಿಯಾಗಿದ್ದರೆ, ಬಣ್ಣ ಬದಲಾಗಿದ್ದರೆ ಅದು ಮಾರ್ಫಿಯಾ ಅಥವಾ ಲೂಪಸ್ ಕುಲದ ಕಾಯಿಲೆ ಇರಬಹುದು. ಬೇಕೆಂದು ಊಟ ಕಡಿಮೆ ಮಾಡದೆಯೂ ತೂಕ ಇಳಿಯುತ್ತಿದ್ದರೆ ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಎರಡು ವಾರ ದಾಟಿದ ಕೆಮ್ಮೂ ಜೊತೆಗಿದ್ದರೆ ಕಫದ ಪರೀಕ್ಷೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಚರ್ಮ ವಿಭಾಗಕ್ಕೆ ಹೋಗುವಾಗ ಆರು ತಿಂಗಳಿಂದ ಮುಖಕ್ಕೆ ಹಚ್ಚಿದ ಎಲ್ಲ ಟ್ಯೂಬುಗಳನ್ನೂ, ಖಾಲಿಯಾದದ್ದನ್ನೂ ಸೇರಿಸಿ, ಹಳೆಯ ಒಂದೆರಡು ಫೋಟೊಗಳ ಜೊತೆ ಒಯ್ಯಿರಿ.